ಏಟು ಎಲ್ಲಿ ಹೋಯಿತು

ಗೋಣಿಕೊಪ್ಪದ ನಮ್ಮ ಕಾಲೇಜಿಗೆ
ಜುಲೈ ಎರಡನೇ ವಾರ ಬಂದಳು ಚೋಂದಮ್ಮ.
ಹದಿನಾಲ್ಕು ವರ್ಷದ ಹಿಂದೆ ಎರಡನೇ ಬೆಂಚಿನ ತುದಿಯವಳು,
ಯಂತ್ರಶಾಸ್ತ್ರಕ್ಕೆ ನೂರಕ್ಕೆ ತೊಂಬತ್ತೆಂಟು.
ಈಗ ಸಂಶೋಧಕಿ. ಚೀಲದಲ್ಲಿ
ಅಂಗೈಯಷ್ಟು ರೆಕಾರ್ಡರು, ನಲವತ್ತೊಂದು ಹಾಳೆ.

‘ಲೆಕ್ಕ ಇಲ್ಲ ಸಾರ್, ಸೂತ್ರ ಇಲ್ಲ.
ಒಂದು ಚಿತ್ರ, ಒಂದು ಪ್ರಶ್ನೆ.’

ಚಿತ್ರದಲ್ಲಿ ಹಾಕಿ ಚೆಂಡು, ಕೋಲು ಬಿಟ್ಟಿದೆ,
ನೆಲ ಇನ್ನೂ ತಾಗಿಲ್ಲ, ನಡುಗಾಳಿಯಲ್ಲಿದೆ.
ಈಗ ಅದರ ಮೇಲೆ ಯಾವ ಯಾವ ಬಲ?
ಬಾಣ ಬರೆದು ತೋರಿಸಿ.

ನಾನು ನಕ್ಕೆ. ಇದನ್ನೂ ಕೇಳಬೇಕೆ,
ಇವರಲ್ಲಿ ಹನ್ನೊಂದು ಮಂದಿ ಕಾಲೇಜು ತಂಡದವರು.

ಮೂವತ್ತಮೂರು ಹಾಳೆಗಳಲ್ಲಿ
ಚೆಂಡಿನಿಂದ ಮುಂದಕ್ಕೆ ಹೊರಟ ದಪ್ಪ ಬಾಣ,
ಪಕ್ಕದಲ್ಲಿ: ಹೊಡೆದ ಬಲ.
ಪೂವಯ್ಯ ತೀಡಿ ತೀಡಿ ಇನ್ನೂ ದಪ್ಪ ಮಾಡಿದ್ದ.
ಸಫ್ರೀನಾಳ ಬಾಣ ಸವೆಯುತ್ತ ಹೋಗಿತ್ತು,
ಏಟು ದಾರಿಯಲ್ಲೇ ಖರ್ಚಾಗುತ್ತದೆ ಎಂದು ಅಡಿಬರಹ.

ಸರಿ, ಪಾಠ ಮಾಡಿದೆ. ಮೂರು ವಾರ.
ತಂಡಿ ಹಿಡಿದ ಸೀಮೆಸುಣ್ಣ ಒತ್ತಿ ಒತ್ತಿ
ಮೊದಲ ನಿಯಮ, ಎರಡನೆಯದು, ಮೂರನೆಯದು.
ಮತ್ತೆ ಅದೇ ಚಿತ್ರ, ಅದೇ ಪ್ರಶ್ನೆ.
ಮೂವತ್ತೊಂದು.
ಇಪ್ಪತ್ತೆರಡು ವರ್ಷದ ಮೇಷ್ಟ್ರಗಿರಿ
ಎರಡು ಹಾಳೆ ತಿದ್ದಿತ್ತು.
ಅದರಲ್ಲೂ ಒಂದನ್ನು ಬೆಳಕಿಗೆ ಹಿಡಿದರೆ
ಅಳಿಸಿದ ಬಾಣದ ಗೀರು ಕಾಣುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಕರಿ ಕಾಫಿ ಆರುತ್ತಿತ್ತು.
‘ಹುಡುಗರೇ ಸರಿಯಿಲ್ಲ,’ ಅಂದೆ.
ಅವಳು ಮಾತಾಡದೆ ರೆಕಾರ್ಡರು ಒತ್ತಿದಳು.
ನನ್ನ ದನಿ: ‘ಯಾಕೆ ಹಾಗೆ? ಹೇಳಿ, ಯಾರಾದರೂ?’
ಒಂದು ಕೆಮ್ಮು. ಆಮೇಲೆ ನನ್ನದೇ ದನಿ, ಉತ್ತರ.
ಇನ್ನೊಂದು ಪ್ರಶ್ನೆ. ಮತ್ತೆ ನಾನೇ.
ಎರಡರ ನಡುವಿನ ತೆರಪನ್ನು
ಅವಳು ಅಳೆದು ಬರೆದಿದ್ದಳು: ಒಂದೂಕಾಲು ಸೆಕೆಂಡು.

‘ಆಗಲೂ ಅಷ್ಟೇ ಇತ್ತು ಸಾರ್,’ ಅಂದಳು
ಲೋಟದ ತಳ ನೋಡುತ್ತ. ‘ತೊಂಬತ್ತೆಂಟು ಬಂದ ದಿನವೂ
ಚೆಂಡಿನೊಳಗೆ ಏಟು ಇದೆ ಅಂತಲೇ ನಂಬಿದ್ದೆ.
ಕೇಳಿದರೆ ನಿಮಗೆ ಬೇಜಾರಾದೀತು ಅಂತ...’
ಉಳಿದದ್ದನ್ನು ಕಾಫಿಯ ಜೊತೆ ನುಂಗಿದಳು.

ಎಷ್ಟು ತೊಂಬತ್ತೆಂಟು ಹಂಚಿದ್ದೇನೆ ನಾನು,
ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಬಾಣ.

ಮರುದಿನ ಪ್ರಶ್ನೆ ಕೇಳಿ ಬಾಯಿ ಮುಚ್ಚಿದೆ.
ಒಂದು. ಎರಡು. ಮೂರರ ಹೊತ್ತಿಗೆ
ಕೈ ಬೋರ್ಡಿಗೆ ಹೋಯಿತು; ಹಿಡಿದು ಜೇಬಿಗೆ ಹಾಕಿದೆ.
ಐದು. ಹೊರಗೆ ಪೊನ್ನಂಪೇಟೆ ಬಸ್ಸು ಗೇರು ಬದಲಿಸಿತು.
ಎಂಟು. ಸಾರಿಗೆ ಹುಷಾರಿಲ್ಲವೇನೋ ಎಂಬ ಪಿಸುಮಾತು.
ಹನ್ನೊಂದಕ್ಕೆ, ಕೊನೆಯ ಬೆಂಚಿನಿಂದ ಚೋಮಿ.
ತಿತಿಮತಿ ಕಡೆಯ ಹಾಡಿಯಿಂದ ಬರುವವಳು,
ಹಾಜರಿಗಲ್ಲದೆ ಅವಳ ದನಿ ಕೇಳಿಯೇ ಇರಲಿಲ್ಲ:

‘ಸಾರ್, ಮೆಣಸು ಕೊಯ್ಯುವಾಗ ಏಣಿ ಮೇಲಿಂದ
ನಾನು ಚೀಲ ಎಸೀತೇನೆ, ಕೆಳಗೆ ಅಪ್ಪ ಹಿಡೀತಾನೆ.
ಕೈ ಬಿಟ್ಟ ಮೇಲೆ ಅದಕ್ಕೂ ನನಗೂ ಏನಿದೆ?
ಅಪ್ಪನ ಕೈಗೆ ತಾಗೋದು ನಾನು ತಳ್ಳಿದ್ದಲ್ಲ,
ಚೀಲ ಬರ್ತಾ ಇರೋದು.’

ಪೂವಯ್ಯ ಎದ್ದ: ‘ಹಾಗಾದ್ರೆ ಏಟು ಎಲ್ಲಿ ಹೋಯ್ತು?’
‘ಹೋಗ್ಲಿಲ್ಲ. ಮುಗೀತು,’ ಅಂದಳು ಸಫ್ರೀನಾ,
ಅಂದು, ತನ್ನ ಬಾಯಿಗೆ ತಾನೇ ಬೆರಗಾದಳು.
ಗಂಟೆ ಹೊಡೆಯಿತು. ಜಗಳ ನಿಲ್ಲಲಿಲ್ಲ,
ಮೆಟ್ಟಿಲಿಳಿದು ಗೇಟಿನ ತನಕ ಹೋಯಿತು
ಯಾರೂ ತಳ್ಳದೆ.

ಆ ದಿನ ಸಿಲಬಸ್ಸು ಒಂದಂಗುಲ ಕದಲಲಿಲ್ಲ.
ಪ್ರಿನ್ಸಿಪಾಲರು ಡೈರಿ ನೋಡಿ ಹುಬ್ಬು ಗಂಟಿಕ್ಕಿದರು.

ಅಕ್ಟೋಬರಿನಲ್ಲಿ ಮೂರನೇ ಸಲ. ಹದಿನಾರು.
ಚೋಂದಮ್ಮ ಕೋಷ್ಟಕದಲ್ಲಿ ಬರೆದುಕೊಂಡಳು,
ಗೆದ್ದಿರಿ ಸಾರ್ ಅನ್ನಲಿಲ್ಲ.
ಪೂವಯ್ಯನ ಬಾಣ ಇನ್ನೂ ಇದೆ, ತುಸು ತೆಳ್ಳಗೆ,
ಮೂತಿಯ ಬಳಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಸಂಜೆ ಮೈದಾನದ ಅಂಚಿನಲ್ಲಿ ನಿಂತಿದ್ದೆ.
ಅವನೇ ಹೊಡೆದ. ಚೆಂಡು ಎದ್ದು ಗೋಲಿನತ್ತ.
ಗೊತ್ತು ನನಗೆ, ಈಗ ಅದರ ಮೇಲೆ
ಭೂಮಿಯ ಸೆಳೆತ, ಒಂದಿಷ್ಟು ಗಾಳಿ, ಬೇರೇನಿಲ್ಲ.
ಆದರೂ ಈ ಬಲಭುಜ
ತಾನಾಗಿ ಮುಂದಕ್ಕೆ ಬಾಗಿತು,
ಇನ್ನೊಂಚೂರು ತಳ್ಳಲೆಂಬಂತೆ.