ಎರಡನೇ ರಿಮೋಟು

ಪತ್ತಿನ ಸಂಘದ ಕ್ಯಾಶಿನ ಕಿಟಕಿ ಮುಚ್ಚಿ
ಸಂಜೀಕ ಬಂದಳು ಬಾಣಕಾರರ ನೀಲಾಂಬಿಕಾ.
ಚೀಲದಾಗ ಹಳೇ ಟವೆಲ್ಲು,
ಟವೆಲ್ಲಿನಾಗ ಟಿವಿ ಗೇಮಿನ ರಿಮೋಟು,
ವಾಯರಿಗೆ ಮೂರು ಕಡೆ ದವಾಖಾನಿ ಪಟ್ಟಿ.
'ಕಾಕಾ, ಇದು ಕಂಪ್ಯೂಟರಿಗೆ ಹತ್ತಬೇಕು.'

ಮೂವತ್ತು ವರ್ಷ ಈ ಬನಹಟ್ಟಿಯೊಳಗ ಜಾಬರ್ ಆಗಿದ್ದಾವ ನಾನು.
ಸೂರತ್ತಿನ ಮಗ್ಗಕ್ಕ ಇಚಲಕರಂಜಿಯ ಹಲ್ಲು ಕೂಡಿಸೀನಿ,
ಸತ್ತ ಮೋಟಾರಿನ ಪಟ್ಟಾ ಇದ್ದ ಮೋಟಾರಿಗೆ.
ಹೊಂದದ್ದನ್ನ ಹೊಂದಸೂದು ನನ್ನ ಹೊಟ್ಟಿಪಾಡು.
ಈಗ ಕಣ್ಣಿಗೆ ದಪ್ಪ ಚಷ್ಮಾ, ಮುಂದ ಸಣ್ಣ ಸಾಮಾನು.

ಐದು ಸ್ಕ್ರೂ. ನಾಕು ಬಂದವು.
ಐದನೇದರ ತಲೀ ಯಾರೋ ಚಾಕು ಹಾಕಿ ಕೆಡಿಸಿದ್ದರು.
'ನಮ್ಮ ಅಣ್ಣ' ಅಂದಳು, ಕೇಳದೇ.

ಒಳಗ ಒಂದು ಚುರಮುರಿ ಕಾಳು,
ಯಾವ ಬ್ಯಾಸಗಿ ಸೂಟಿಯದೋ.
ಬಲಕ್ಕ ಓಡಸೂ ರಬ್ಬರು ಸವೆದು
ಈರುಳ್ಳಿ ಸಿಪ್ಪಿಯಂಗ ತೆಳ್ಳಗ.
ಎಡಗಡೇದು ನಿನ್ನೆ ಪ್ಯಾಟಿಯಿಂದ ತಂದಂಗ ಐತಿ.
ಆ ಆಟದೊಳಗ ಯಾರೂ ಹಿಂದಕ ಹೋಗೂದಿಲ್ಲ.

ಐದು ವಾಯರು.
ಕೆಂಪಂದ್ರ ಕರೆಂಟು ಅಂತ ತಿಳಕೊಂಡ ಹುಡುಗರು
ನನ್ನ ಎರಡು ಬೋರ್ಡು ಸುಟ್ಟಾರ.
ಈ ಮಾಲಿನಾಗ ಕೆಂಪು ಅಂದ್ರ ಬರೇ ಕೆಂಪು.
ಮೀಟರ್ ಹಚ್ಚಿ ಒಂದೊಂದನ್ನ ಕೇಳಿದೆ,
ನೀ ಯಾರವ? ನೀ ಯಾರವ?
ಬಿಳೀ ವಾಯರು ಬಾಳ ಹೊತ್ತಿಗೆ ಬಾಯಿ ಬಿಡ್ತು.

ಹಳೇ ಆಟದ ಪೆಟಿಗಿ ಸಾಲಿ ಮಾಸ್ತರ ಇದ್ದಂಗ,
ಸೆಕೆಂಡಿಗೆ ಅರವತ್ತು ಸಲ ಹಾಜರಿ ಕರೀತಿತ್ತು,
ಎಂಟು ಹೆಸರು, ಅದೇ ಸರತಿ.
ಕಂಪ್ಯೂಟರಿಗೆ ಹಾಜರಿ ಗೊತ್ತಿಲ್ಲ,
ಅದಕ್ಕ ಚೀಟಿ ಬರದು ಕಳಸಬೇಕು.
ನಡುವ ಕೂತು ಕರೆಯಾಕ, ಬರೆಯಾಕ
ಹುಬ್ಬಳ್ಳಿಯಿಂದ ತರಿಸಿದ ಒಂದು ಬೋರ್ಡು,
ಕಡ್ಡಿಪೆಟಿಗಿಗಿಂತ ಸಣ್ಣದು.

ಬೆಸುಗಿ ಹೊಗಿ ಎದ್ದಿತು. ಹಾಜರಿ ಕರೆದೆ.
ಆರು ಮಂದಿ 'ಇದ್ದೀನ್ರಿ' ಅಂದರು.
ಮೂರನೇದು, ನಾಕನೇದು
ಎಷ್ಟು ಕರೆದರೂ ಸುಮ್ಮನ.

'ಅವು ಇಲ್ಲ ಕಾಕಾ. ಇದು ಎರಡನೇ ರಿಮೋಟು.
ಚಾಲೂ ಮಾಡೂದು, ನಿಲ್ಲಸೂದು ಅಣ್ಣನ ಕೈಯಾಗ.
ಅವ್ವ ಹಿಟ್ಟು ನಾದಾಕ ಕರೆದರ ನಾ ಏಳತಿದ್ದೆ.
ಅವ ನಿಲ್ಲಸತಿರಲಿಲ್ಲ.
ನನ್ನ ಮನಷ್ಯಾ ಅಲ್ಲೇ ನಿಂತು ಸಾಯತಿದ್ದ.'
ಸಿಟ್ಟಿರಲಿಲ್ಲ ದನಿಯೊಳಗ,
ಹಳೇ ಪಾಸಬುಕ್ಕು ಓದಿದಂಗ ಓದಿದಳು.

ಬೋರ್ಡು ಹೊಳ್ಳಿಸಿ ದೀಪಕ್ಕ ಹಿಡಿದೆ.
ಐತಿ! ತಾಮ್ರದ ಎರಡು ಸಣ್ಣ ಜಾಗಾ,
ಗೆರಿ ಚಿಪ್ಪಿನ ತನಕ ಹೋಗೇತಿ,
ಮಾಡಿದಾವ ಎಲ್ಲಾ ಮಾಡ್ಯಾನ,
ಮ್ಯಾಲಿನ ಪ್ಲಾಸ್ಟಿಕ್ಕಿಗೆ ತೂತು ಒಂದು ಹೊಡೆದಿಲ್ಲ.

ಮಗ್ಗದ ಸೂಜಿ ಗ್ಯಾಸಿನ ಮ್ಯಾಲ ಕಾಸಿದೆ.
ನಡುವ ಚುಚ್ಚಿದೆ. ಕೆಟ್ಟ ವಾಸನಿ.
ತೂತು ಸೊಟ್ಟ ಆತು, ಖರೆ ಹೇಳತೀನಿ.
ಸತ್ತ ರಿಮೋಟಿನ ಕೆಂಪು ಗುಂಡಿ ಕೂಡಿಸಿದೆ,
ಸುತ್ತ ಒಂದೀಟು ಫೆವಿಕ್ವಿಕ್ಕು.

ನನ್ನ ಮೊಮ್ಮಗನ ಕಂಪ್ಯೂಟರಿಗೆ ಹಚ್ಚಿದಿವಿ.
ಒತ್ತಿದಳು. ಚಾಲೂ.
ಸಣ್ಣ ಮನಷ್ಯಾ ಬಲಕ್ಕ ಓಡಿದ, ಒಂದು ಗುಂಡಿ ಜಿಗಿದ,
ಎರಡನೇದರ ದಂಡಿಗೆ ಬಂದು ಕಾಲು ಎತ್ತಿದ,
ಮತ್ತ ಒತ್ತಿದಳು.

ಗಾಳಿಯೊಳಗ ನಿಂತ.
ಹಾಡು ನಿಂತಿತು. ಹೊರಗ ಯಾರದೋ ಮಗ್ಗ
ಖಟಕ್ ಖಟಕ್ ಅನ್ನೂದು ಕೇಳಾಕ ಹತ್ತಿತು.

ರಿಮೋಟು ಮೇಜಿನ ಮ್ಯಾಲ ಇಟ್ಟಳು,
ಬೆರಳಿನ ನಿಟಿಕಿ ತೆಗೆದಳು,
'ಚಾ ಐತೇನ್ ಕಾಕಾ?' ಅಂದಳು.