ಮುಕ್ಕಾಲು

ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಗೋದಾಮಿನ ಅಟ್ಟದ ಮೇಲೆ
ನನ್ನ ಮೇಜು. ಸೀನು ಮೊದಲು, ಲಾಗಿನ್ ಆಮೇಲೆ.
ಕೆಳಗೆ ಅರವತ್ತು ಮಂದಿ ಹೆಂಗಸರು
ಸೆರಗು ಮೂಗಿಗೆ ಕಟ್ಟಿ ತೊಟ್ಟು ಬಿಡಿಸುತ್ತಾರೆ;
ಬೆರಳಿಗೆ ಹರಿದ ಬಲೂನು ತೊಟ್ಟ ಹುಡುಗಿಯರು,
ಏನೂ ತೊಡದ ಹಳಬರು.

ಮುರಿಗೆಪ್ಪನ ಕೆಂಪು ಬಟ್ಟೆಯ ವಹಿ ಸಾಕು,
ಇನ್ನು ಫಾರ್ಮ್ ಬೇಕು ಅಂದರು ಮಾಲೀಕರು.
ಸುಲಭ ಅಂದೆ. ಸುಲಭವೇ ಇತ್ತು:
'ಕೂಲಿ' ಎಂಬ ಮಾಡೆಲ್ ಬರೆದೆ, ಆರು ಸಾಲು.
ಯಾರು, ಯಾವತ್ತು, ಯಾವ ಲಾಟು, ಡಬ್ಬಿಯೋ ಕಡ್ಡಿಯೋ,
ತೂಕ, ದರ.
ಉಳಿದದ್ದು ಫ್ರೇಮ್‌ವರ್ಕಿನ ಪಾಲು.
ಅಳತೆ ಕೊಟ್ಟರೆ ಅಂಗಿ ಹೊಲಿದು ತರುವ ಸಿಂಪಿಗ ಅದು:
ದಿನಾಂಕಕ್ಕೆ ಕ್ಯಾಲೆಂಡರು, ಲಾಟಿಗೆ ಪಟ್ಟಿ, ತೂಕಕ್ಕೊಂದು ಪೆಟ್ಟಿಗೆ,
ಕಳ್ಳ ಕೈ ಹೊಗದಂತೆ ಒಳಜೇಬಿನಲ್ಲಿ ಗುಟ್ಟಿನ ಚೀಟಿ.

ನನಗೆ ಹಿಡಿಸಿದ್ದು ಅದರ ಒಂದು ನಡತೆ.
ತಪ್ಪು ತುಂಬಿದರೆ ಹರಿದು ಬಿಸಾಡುವುದಿಲ್ಲ,
ಬರೆದದ್ದನ್ನೆಲ್ಲ ಬರೆದ ಹಾಗೇ ತಿರುಗಿ ಕೊಟ್ಟು
ತಪ್ಪಿದ ಜಾಗದ ಬಗಲಿಗೆ ಕೆಂಪಕ್ಷರದಲ್ಲಿ
ಇದೊಂದು ನೋಡ್ರಿ ಅನ್ನುತ್ತದೆ.
ತಾಲೂಕು ಕಚೇರಿಯಲ್ಲಿ ಇಂಥ ಮನುಷ್ಯ ನನಗಿನ್ನೂ ಸಿಕ್ಕಿಲ್ಲ.

ಹದಿನೇಳು ದಿನ ಎಲ್ಲ ಸುರಳೀತ.
ಹದಿನೆಂಟನೆಯ ಸಂಜೆ ಏಣಿ ಹತ್ತಿ ಬಂದಳು ದಾವಲಬಿ,
ಒಂದೊಂದೇ ಮೆಟ್ಟಿಲಿಗೆ ಮೊಣಕಾಲು ಬೈಯುತ್ತ:
'ತಮ್ಮಾ, ನಿನ್ನ ಪೆಟ್ಟಿಗಿ ಮುಕ್ಕಾಲು ತಿಂತೈತಿ.'

'ಯಾವ ಮುಕ್ಕಾಲು?'

'ದಿನಾ ತಿಂತೈತಿ. ನಿನ್ನೆ ಹನ್ನೊಂದೂ ಮುಕ್ಕಾಲು ಬಿಡಿಸೀನಿ,
ಚೀಟಿಯೊಳಗ ಹನ್ನೊಂದು. ಮೊನ್ನೆ ಒಂಬತ್ತೂವರಿ,
ಚೀಟಿಯೊಳಗ ಒಂಬತ್ತು.
ನನ್ನ ಕೈಯಾಗ ಹಾದ ಕಾಯಿ, ನನಗ ಗೊತ್ತಾಗೂದಿಲ್ಲೇನು?'

ತೆರೆದು ನೋಡಿದೆ. ತೂಕ: ಪೂರ್ಣಾಂಕ.
ನಾನೇ ಬರೆದದ್ದು, ಯಾವುದೋ ಧಾವಂತದ ಮಧ್ಯಾಹ್ನ,
ಗಿರಮಿಟ್ಟು ತಿನ್ನುತ್ತ, ಒಂದೇ ಕೈಯಲ್ಲಿ.
ಫಾರ್ಮ್ ಪಾಪ ಹೇಳೇ ಹೇಳಿತ್ತು
'ಇಡೀ ಸಂಖ್ಯೆ ತುಂಬಿರಿ' ಎಂದು, ನಯವಾಗಿ;
ತಕ್ಕಡಿಯ ಹತ್ತಿರದ ಹುಡುಗ, ಹಿಂದೆ ಪಾಳಿ ಕೂಗುತ್ತಿರಲು,
ಚುಕ್ಕಿಯ ಆಚೆಯದನ್ನು ಅಳಿಸಿ
ಒತ್ತಿದ. ಹಸಿರು ಬಂತು:
ಉಳಿಸಲಾಗಿದೆ.
ಏನನ್ನು?

ಮುರಿಗೆಪ್ಪನ ವಹಿಯಲ್ಲಿ
ಪಾವಿಗೊಂದು ಗೀಟು, ಅರ್ಧಕ್ಕೆರಡು, ಮುಕ್ಕಾಲಿಗೆ ಮೂರು.
ಆ ಮೂರು ಗೀಟಿಗೆ ನನ್ನ ಮಾಡೆಲಿನಲ್ಲಿ ಜಾಗ ಇರಲಿಲ್ಲ.
ಮಾಡೆಲಿನಲ್ಲಿ ಇಲ್ಲದ್ದು ಫಾರ್ಮಿಗೆ ಬರುವುದಿಲ್ಲ,
ಫಾರ್ಮಿಗೆ ಬಾರದ್ದು ಶನಿವಾರದ ಬಟವಡೆಗೂ ಇಲ್ಲ.

ಒಂದು ಸಾಲು ತಿದ್ದಿದೆ: ದಶಮಾಂಶ, ಚುಕ್ಕಿಯಾಚೆ ಮೂರು ಮನೆ.
ಮೈಗ್ರೇಶನ್ ಓಡಿಸಿದೆ. ನಾಲ್ಕು ಸೆಕೆಂಡು.
ಹಳೆಯ ಸಾಲುಗಳೆಲ್ಲ ಹೊಸ ಅಂಗಿ ತೊಟ್ಟು ನಿಂತವು

೧೧.೦೦೦
೯.೦೦೦
೧೨.೦೦೦

ಗ್ರಾಮು ಗ್ರಾಮಿಗೂ ಆಣೆ ಮಾಡುವವರ ಹಾಗೆ.
ಇಷ್ಟು ದಿನ ಒರಟೊರಟಾಗಿ ತಪ್ಪಿದ್ದವು,
ಈಗ ನುಣ್ಣಗೆ ಸುಳ್ಳು.

ಓದು ಬರೂದಿಲ್ಲ ಅನ್ನುವ ದಾವಲಬಿ
ಬಗ್ಗಿ, ಸೊನ್ನೆಗಳ ಮೇಲೇ ಬೆರಳಿಟ್ಟಳು.
ಗಾಜಿನ ಮೇಲೆ ಕೆಂಪು ಉಳಿಯಿತು.
'ಇವೇನು?'
'ಏನೂ ಅಲ್ಲ, ಬೂಬು.'
'ಏನೂ ಅಲ್ಲಂದ್ರ ಇಷ್ಟೊಂದು ಯಾಕ ಬರದೀ?'

ಆ ರಾತ್ರಿ ಇನ್ನೊಂದು ಮಾಡೆಲ್: 'ಬಾಕಿ'.
ಯಾರು, ಯಾವತ್ತು, ಎಷ್ಟು.
'ಸಾಕ್ಷಿ' ಎಂದೊಂದು ಫೀಲ್ಡ್ ಹಾಕಿದೆ, ಕಡ್ಡಾಯ ಅಂತಲೂ ಬರೆದೆ,
ಹೊರಗೆ ಹೋಗಿ ಮುಖ ತೊಳೆದು ಬಂದು
ಅಳಿಸಿದೆ.
ಮಾಲೀಕರಿಗೆ ಇನ್ನೂ ಹೇಳಿಲ್ಲ.

ಬೆಳಿಗ್ಗೆ ಅಟ್ಟದ ಏಣಿಗೆ ಪಾಳಿ,
ಕೆಳಗಿನ ಬಾಗಿಲವರೆಗೂ ಸೀನು.
ಖಾಲಿ ಫಾರ್ಮ್ ತೆರೆದು ಕೂತಿದ್ದೇನೆ.
ಗಾಜಿನ ಮೇಲಿನ ಬೆರಳು ಒರೆಸಿಲ್ಲ.
ದಾವಲಬಿ ಕಣ್ಣು ಮುಚ್ಚಿ, ಬೆರಳು ಮಡಚಿ:
'ಬರಕೋ. ಮೊದಲನೇ ದಿನ, ಸೋಮಾರ,
ಕಡ್ಡಿ ಲಾಟು, ಮಗಳಿಗೆ ಜ್ವರಾ ಬಂದಿದ್ವು, ಬರೂದು ತಡಾ ಆತು,
ಎಂಟು, ಅದರ ಮ್ಯಾಲೆ ಪಾವು...'