ಅಲಗು, ಅಲುಗು

ಭಾನುವಾರದ ಸಂತೆ, ಬಿವಿಕೆ ಅಯ್ಯಂಗಾರ್ ರಸ್ತೆಯ ತುದಿಗೆ,
ಒಂಟಿ ಚಪ್ಪಲಿ, ಸತ್ತ ಚಾರ್ಜರುಗಳ ಮಗ್ಗುಲಲ್ಲಿ
ಗೋಣಿತಾಟಿನ ಮೇಲೆ ಬಿದ್ದುಕೊಂಡಿತ್ತು:
ಎರಡು ಅಲಗು, ಮೂಳೆಯ ಹಿಡಿ, ಬೆರಳುದ್ದ.
"ತರಕಾರಿಗಾ ಮೇಡಂ? ಅದು ಬೇಡ, ಸ್ಟೀಲಿಂದು ಕೊಡ್ತೀನಿ"
ಅಂದ ಬಾಬಾಜಾನ್.
ಮನೆಯಲ್ಲಿ ಇಂಥವು ಇಪ್ಪತ್ತಮೂರು ಇವೆ ಅಂತ
ಹೇಳಲಿಲ್ಲ. ಹೇಳಿದ್ದರೆ ರೇಟು ಏರುತ್ತಿತ್ತು.
ತೆಂಗಿನಕಾಯಿ ನೋಡುವ ಹಾಗೆ
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.
ಕಟಕಟ.
ಅಲಗು ಗಟ್ಟಿ. ಅಲುಗುವುದು ಹಿಡಿ.

ಇನ್ನೂರೈವತ್ತಕ್ಕೆ ಕುದುರಿತು.
ಕೈಗೆ ಕೊಡಲಿಲ್ಲ ಅವನು; ತಾಟಿನ ಮೇಲಿಟ್ಟು
"ನೀವೇ ಎತ್ಕೊಳ್ಳಿ, ಕೈಯಿಂದ ಕೈಗೆ ಕೊಟ್ರೆ ಜಗಳ."
ಇಷ್ಟು ಹೊತ್ತು ಆಡಿದ್ದೇನು ಮತ್ತೆ, ಅಂದೆ. ನಕ್ಕ.
ಮುಂದಿನ ಎರಡು ಹಲ್ಲಿಲ್ಲ.
ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ,
ಹಲ್ಲು ಕಟ್ಟುವುದು ನನ್ನ ಕಸುಬು.

ಶ್ರೀರಾಮಪುರದಲ್ಲಿ ಲ್ಯಾಬು. ಕೆಳಗೆ ಹಿಟ್ಟಿನ ಗಿರಣಿ.
ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ನಾನು ದವಡೆ ಕಳಿಸುತ್ತೇನೆ.
ರಾತ್ರಿ ಗಿರಣಿ ನಿಂತ ಮೇಲೆ
ಹಲ್ಲಿನ ಟ್ರೇ ಸರಿಸಿ ಚಾಕು ಇಟ್ಟೆ.
ಸಂಗ್ರಹದವರದೊಂದು ಶಾಸ್ತ್ರವಿದೆ: ಮುಟ್ಟಬೇಡ.
ತುಕ್ಕೂ ಆಸ್ತಿ, ಸಡಿಲವೂ ಚರಿತ್ರೆ,
ರಿಪೇರಿಯಾದರೆ ಬೆಲೆ ಅರ್ಧಕ್ಕರ್ಧ ಬಿತ್ತು.
ಜಯನಗರದ ಪ್ರಹ್ಲಾದರಾಯರು ಫೋನಿನಲ್ಲೇ ಗದರಿದರು,
"ಗಾಜಿನೊಳಗೆ ಇಡಮ್ಮ ಅಷ್ಟೇ. ಗೋಂದು ಹಾಕೀಯಾ, ಜೋಕೆ."
ಹೂಂ ಅಂದೆ.
ಹೂಂ ಅನ್ನುತ್ತಲೇ ಹಿತ್ತಾಳೆ ಮೊಳೆಯ ತಲೆ ಉಜ್ಜುತ್ತಿದ್ದೆ.
ಅಲ್ಲಾಡುವ ಹಲ್ಲನ್ನು
ನಾಲಿಗೆ ಸುಮ್ಮನೆ ಬಿಟ್ಟೀತೆ?

ಮೂರು ಮೊಳೆ. ಎರಡು ಸವೆದು ನೂಲಾಗಿವೆ.
ಸಣ್ಣ ಡ್ರಿಲ್ಲಿಗೆ ಮೂಳೆಯ ಪುಡಿ ಎದ್ದಿತು,
ಮೂಗಿಗೆ ಹಳೆಯ ಪರಿಚಯ ಆ ವಾಸನೆ.
ಹಿಡಿ ಬಿಟ್ಟುಕೊಂಡಿತು.

ಒಳಗೆ ಕಾಗದ.
ನಾಲ್ಕು ಮಡಿಕೆ ಮಡಚಿ, ಮೂಳೆಗೂ ತಗಡಿಗೂ ನಡುವೆ
ತುರುಕಿದ್ದರು ಯಾರೋ. ಚಿಮುಟದಲ್ಲಿ ಬಿಡಿಸಿದೆ.
ಬಿ.ಟಿ.ಎಸ್. ಟಿಕೆಟ್ಟು. ಮೂವತ್ತೈದು ಪೈಸೆ.
ಎಲ್ಲಿಂದ, ಎಲ್ಲಿಗೆ ಅನ್ನುವ ಕಡೆಯೇ
ಎಣ್ಣೆ ಕುಡಿದು ಕಪ್ಪಾಗಿದೆ.

ಕಿಟಕಿ ಸೀಟು ಸಿಕ್ಕಿರಬೇಕು ಅವನಿಗೆ,
ಸೀಬೆಹಣ್ಣು ಕುಯ್ಯುತ್ತಿದ್ದಿರಬೇಕು...
ಅವನಿಗೆ ಅಂತ ಯಾಕಂದುಕೊಂಡೆ?
ತರಕಾರಿಗಾ ಅಂದ ಬಾಬಾಜಾನನಿಗಿಂತ ನಾನೇನು ಹೆಚ್ಚು.
ಅವಳೇ ಇರಲಿ. ಕಟಕಟ ಕೇಳಿ ಕೇಳಿ ರೇಗಿ,
ಕೈಯಲ್ಲಿದ್ದುದನ್ನೇ ಮಡಚಿ ಒತ್ತಿದಳು.
ಇಳಿಯುವ ಮೊದಲು ಚೆಕಿಂಗಿನವರು ಹತ್ತಿ
ಟಿಕೆಟ್ಟು ಕೇಳಿದ್ದರೆ
ಚಾಕು ತೋರಿಸಬೇಕಾಗುತ್ತಿತ್ತು.

ಎಸ್.ಪಿ. ರಸ್ತೆಯವನು ಗೇಣುದ್ದದ ಕಡ್ಡಿ ಕೊಡಲೊಲ್ಲ,
ಮೀಟರು ಹಿತ್ತಾಳೆಯೇ ಕೊಳ್ಳಬೇಕಾಯಿತು. ಇರಲಿ.
ಕತ್ತರಿಸಿ, ತೂರಿಸಿ, ಹಿಡಿ ಕೂರಿಸಿ ನೋಡಿದರೆ
ಇನ್ನೂ ಒಂದು ಕೂದಲಷ್ಟು ಸಂದು.
ನನ್ನ ಹತ್ತಿರ ತಗಡಿನ ಹಾಳೆಯಿದೆ, ಮೇಣವಿದೆ,
ಒಸಡಿನ ಬಣ್ಣದ ಪ್ಲಾಸ್ಟಿಕ್ಕಿದೆ.
ಟಿಕೆಟ್ಟನ್ನೇ ಎತ್ತಿಕೊಂಡೆ.
ಮಡಚಬೇಕಾಗಲಿಲ್ಲ, ಅದರ ಮಡಿಕೆ ಅದಕ್ಕೇ ಗೊತ್ತಿತ್ತು.

ಆಮೇಲೆ ಸುತ್ತಿಗೆ.
ಒಳಗೆ ಮಲಗಿದವರಿದ್ದಾರೆಂದು ಗೊತ್ತಿದ್ದೂ
ಬಾಗಿಲು ತಟ್ಟಲೇಬೇಕಾದಾಗ ತಟ್ಟುತ್ತೇವಲ್ಲ, ಅಷ್ಟು.
ಒಂದೇಟು ಹೆಚ್ಚಾದರೆ ಮೂಳೆ ಸೀಳುತ್ತದೆ.
ಹೋದ ವರ್ಷ ಒಂದನ್ನು ಸೀಳಿದ್ದೇನೆ,
ರಾಯರಿಗೆ ಇನ್ನೂ ಹೇಳಿಲ್ಲ.
ಮೊಳೆಯ ತಲೆ ಮೆಲ್ಲಗೆ ಅಗಲವಾಯಿತು, ಸಾಸಿವೆಯಷ್ಟು.
ಕಿವಿಗೆ ಹಿಡಿದೆ. ಏನಿಲ್ಲ.
ಅಲಗು ಬಿಚ್ಚಿದೆ, ಮುಚ್ಚಿದೆ. ಟಪ್.
ಸುಮ್ಮನೆ ಇನ್ನೊಂದು ಸಲ. ಟಪ್.

ಸುಂಕದಕಟ್ಟೆಯ ಕೊನೇ ಬಸ್ಸು.
ಕಂಡಕ್ಟರು ಮಿಷನ್ನಿನಿಂದ ಹರಿದುಕೊಟ್ಟ,
ಹೆಂಗಸರ ಟಿಕೆಟ್ಟು, ಸೊನ್ನೆ ರೂಪಾಯಿ.
ಅದನ್ನೂ ನಾಲ್ಕು ಮಡಿಕೆ ಮಡಚಿ
ಪರ್ಸಿನಲ್ಲಿಟ್ಟುಕೊಂಡೆ.
ಇಪ್ಪತ್ತಮೂರರಲ್ಲಿ ಒಂದು, ಜಿಂಕೆಕೊಂಬಿನದು,
ಈಚೆಗೆ ಸ್ವಲ್ಪ ಮಾತಾಡುತ್ತಿದೆ.